ಪಶ್ಮೀನಾ ವ್ಯಾಪಾರ: ಐವತ್ತು ಟನ್ನಿನ ಲೆಕ್ಕ

ಬೆಂಗಳೂರಿನ ದಂಡು ಪ್ರದೇಶಕ್ಕೆ ಕಾಶ್ಮೀರಿ ಶಾಲುಗಳ ವ್ಯಾಪಾರ ಹೊಸದಲ್ಲ. ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟ್‌ನಿಂದ ಇಂದಿರಾನಗರದ ಮಳಿಗೆಗಳವರೆಗೆ ‘ಪಶ್ಮೀನಾ’ ಎಂಬ ಹೆಸರು ಗ್ರಾಹಕರಿಗೆ ಪರಿಚಿತ. ಆದರೆ ಪೇಟೆಯಲ್ಲಿ ಇದೇ ಹೆಸರಿನಡಿ ಕೆಲವು ನೂರು ರೂಪಾಯಿಯ ಸ್ಟೋಲೂ ಹತ್ತಾರು ಸಾವಿರ ರೂಪಾಯಿಯ ಶಾಲೂ ಮಾರಾಟವಾಗುತ್ತಿವೆ. ಈ ಅಂತರದ ಕಾರಣವನ್ನು ಪೂರೈಕೆಯ ಲೆಕ್ಕದಲ್ಲಿ ಹುಡುಕಬೇಕು.

ಭಾರತದ ಪಶ್ಮೀನಾ ಬಹುತೇಕ ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಿಂದ ಬರುತ್ತದೆ. 14,000 ಅಡಿಗೂ ಎತ್ತರದ ಈ ಶೀತಪ್ರದೇಶದಲ್ಲಿ ಚಾಂಗ್‌ಪಾ ಎಂಬ ಅಲೆಮಾರಿ ಪಶುಪಾಲಕರು ಸಾಕುವ ಮೇಕೆಗಳ ಒಳರೋಮವನ್ನು ಬೇಸಿಗೆಯ ಆರಂಭದಲ್ಲಿ ಬಾಚಿ ತೆಗೆಯುತ್ತಾರೆ. ವಾರ್ಷಿಕ ಉತ್ಪಾದನೆ ಸುಮಾರು 50 ಟನ್. ಇದು ಜಗತ್ತಿನ ಕ್ಯಾಶ್ಮೀರ್ ಉಣ್ಣೆಯಲ್ಲಿ ಶೇಕಡಾ 1ಕ್ಕಿಂತ ಕಡಿಮೆ. ಒರಟು ಕೂದಲು, ಧೂಳು, ಜಿಡ್ಡು ಕಳೆದರೆ ಉಳಿಯುವುದು ಮೂರನೇ ಒಂದು ಭಾಗದಷ್ಟು, ಅಂದರೆ 16–17 ಟನ್. ಎರಡು ಮೀಟರ್ ಉದ್ದದ ಒಂದು ಶಾಲಿಗೆ 200 ಗ್ರಾಂ ನಾರು ಹಿಡಿದರೂ ಇಷ್ಟರಿಂದ ತಯಾರಾಗುವುದು 80,000ದ ಆಸುಪಾಸಿನಷ್ಟು ಶಾಲುಗಳು ಮಾತ್ರ. ಇಡೀ ದೇಶದ ಪೇಟೆ ಮತ್ತು ರಫ್ತು ಎರಡಕ್ಕೂ ಸೇರಿ ಇಷ್ಟೇ! ಉಳಿದ ಸರಕು ಮಂಗೋಲಿಯಾ ಅಥವಾ ಚೀನಾದ ನಾರಿನದು, ಸಾಮಾನ್ಯ ಉಣ್ಣೆಯ ಮಿಶ್ರಣ, ಇಲ್ಲವೇ ವಿಸ್ಕೋಸ್.

ಬೇಡಿಕೆ ಹೆಚ್ಚಿದರೆ ಮೇಕೆಗಳನ್ನು ಹೆಚ್ಚಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಮಂಗೋಲಿಯಾ ಆ ಪ್ರಯೋಗವನ್ನು ಮಾಡಿತು. 1990ರಲ್ಲಿ 50 ಲಕ್ಷದಷ್ಟಿದ್ದ ಅಲ್ಲಿನ ಮೇಕೆಗಳ ಸಂಖ್ಯೆ ಮೂರು ದಶಕಗಳಲ್ಲಿ 2 ಕೋಟಿಯನ್ನು ಮೀರಿತು. ಹುಲ್ಲುಗಾವಲು ಮಾತ್ರ ಬೆಳೆಯಲಿಲ್ಲ. ಮೇಕೆ ಹುಲ್ಲನ್ನು ಬುಡದವರೆಗೆ ಮೇಯುವ ಪ್ರಾಣಿ. ನೆಲ ಬರಡಾಗುತ್ತ ಬಂದಿತು. 2023–24ರ ಕಡು ಚಳಿಗಾಲದಲ್ಲಿ ಅಲ್ಲಿ 70 ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತವು. ಲಡಾಖಿನಲ್ಲಿಯೂ ಮೇವಿನ ಕೊರತೆ, ಅಕಾಲಿಕ ಹಿಮಪಾತಗಳ ಜೊತೆಗೆ, 2020ರ ಗಡಿ ಸಂಘರ್ಷದ ನಂತರ ಕೆಲವು ಚಳಿಗಾಲದ ಹುಲ್ಲುಗಾವಲುಗಳಿಗೆ ಹೋಗಲು ಅಡ್ಡಿಯುಂಟಾಯಿತು. ಖರ್ನಾಕ್ ಭಾಗದ ಬಹುಪಾಲು ಕುಟುಂಬಗಳು ಮೇಕೆಗಳನ್ನು ಬಿಟ್ಟು ಲೇಹ್ ಪಟ್ಟಣದ ಬಳಿ ನೆಲೆಸಿವೆ. ಕುರಿಗಾಹಿಗೆ ಉಣ್ಣೆಯಿಂದ ಹುಟ್ಟುವಳಿ ಇಲ್ಲವಾದರೆ ಆಗುವುದೇನೆಂಬುದನ್ನು ಕರ್ನಾಟಕದ ವರ್ತಕರಿಗೆ ವಿವರಿಸಬೇಕಾಗಿಲ್ಲ. ಚಳ್ಳಕೆರೆಯ ಕಂಬಳಿಯ ಸ್ಥಿತಿ ಎಲ್ಲರಿಗೂ ತಿಳಿದದ್ದೇ.

ಹೀಗಿರುವಾಗ ವಿಸ್ಕೋಸ್ ಸ್ಟೋಲಿಗೆ ಪಶ್ಮೀನಾ ಚೀಟಿ ಅಂಟಿಸಿದರೆ ನಷ್ಟ ಗ್ರಾಹಕನಿಗೆ ಮಾತ್ರವಲ್ಲ. ಅಸಲಿ ಶಾಲಿನ ಬೆಲೆಯೇ ದುಬಾರಿಯೆಂದು ತೋರಿ, ಅದರ ಹೊಡೆತ ನೂಲುವ ಹೆಂಗಸಿಗೂ ಮೇಕೆ ಕಾಯುವವನಿಗೂ ತಲುಪುತ್ತದೆ. ‘ಕಾಶ್ಮೀರ್ ಪಶ್ಮೀನಾ’ಕ್ಕೆ 2008ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತದ್ದು ಈ ಹಿನ್ನೆಲೆಯಲ್ಲಿ. 16 ಮೈಕ್ರಾನ್‌ಗಿಂತ ಹೆಚ್ಚು ದಪ್ಪವಿಲ್ಲದ ನಾರು, ಕೈನೂಲು, ಕೈಮಗ್ಗ, ಇವು ಅದರ ಷರತ್ತುಗಳು. ಶ್ರೀನಗರದ ಪರೀಕ್ಷಾ ಕೇಂದ್ರದಲ್ಲಿ ತಪಾಸಣೆಯಾದ ಶಾಲಿಗೆ ಗುರುತಿನ ಲೇಬಲ್ ಹಚ್ಚಲಾಗುತ್ತದೆ. 2019ರಲ್ಲಿ ಭಾರತೀಯ ಮಾನಕ ಬ್ಯೂರೋ ಪಶ್ಮೀನಾ ಉತ್ಪನ್ನಗಳ ಗುರುತು ಮತ್ತು ಲೇಬಲ್ಲಿಗೆ ಪ್ರತ್ಯೇಕ ಮಾನಕ ಪ್ರಕಟಿಸಿತು. ಯಂತ್ರದಲ್ಲಿ ನೂತದ್ದಕ್ಕೆ ಭೌಗೋಳಿಕ ಸೂಚಕದ ಲೇಬಲ್ ಸಲ್ಲದು. ಅದನ್ನು ಯಂತ್ರನೂಲಿನದೆಂದು ಹೇಳಿ ಮಾರಲು ಅಡ್ಡಿಯೇನಿಲ್ಲ.

ಶಾಹತೂಷ್ ವಿಷಯ ಮಾತ್ರ ಬೇರೆ. ಅದು ಚಿರು ಎಂಬ ಟಿಬೆಟಿನ ಹುಲ್ಲೆಯನ್ನು ಕೊಂದು ಪಡೆಯುವ ಉಣ್ಣೆ. ವನ್ಯಜೀವಿ (ಸಂರಕ್ಷಣಾ) ಕಾಯ್ದೆಯ ಒಂದನೆಯ ಅನುಸೂಚಿಯ ಪ್ರಾಣಿಯಾದ್ದರಿಂದ ಈ ವ್ಯಾಪಾರಕ್ಕೆ ಕನಿಷ್ಠ 3 ವರ್ಷಗಳ ಸೆರೆವಾಸವಿದೆ. ಯಾರದೋ ಮನೆಯ ಹಳೆಯ ಶಾಲೆಂದು ಹೇಳಿ ತಂದುಕೊಟ್ಟರೂ ಅಂಗಡಿಯಲ್ಲಿಟ್ಟು ಮಾರುವಂತಿಲ್ಲ.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಸರಕಿನ ಗುಣಮಟ್ಟವನ್ನು ತಪ್ಪಾಗಿ ವರ್ಣಿಸುವುದು ಅನುಚಿತ ವ್ಯಾಪಾರ ಪದ್ಧತಿ. ವಿವಾದ ಬಂದಾಗ ಮೊದಲು ಹೊರಬರುವ ದಾಖಲೆ ಬಿಲ್ಲು. ಆದುದರಿಂದ ಬಿಲ್ಲಿನಲ್ಲಿ ‘ಪಶ್ಮೀನಾ ಶಾಲು’ ಎಂದಷ್ಟೇ ಬರೆಯದೆ ನಾರಿನ ಶೇಕಡಾವಾರು, ಕೈನೂಲೋ ಯಂತ್ರನೂಲೋ ಎಂಬುದು, ಲೇಬಲ್ ಇದ್ದಲ್ಲಿ ಅದರ ಸಂಖ್ಯೆ, ಇಷ್ಟನ್ನು ನಮೂದಿಸುವುದು ಕ್ಷೇಮ. ಖರೀದಿ ಬಿಲ್ಲಿನಲ್ಲಿಯೂ ಸರಬರಾಜುದಾರರಿಂದ ಇದೇ ಒಕ್ಕಣೆಯನ್ನು ಬರೆಸಿಕೊಳ್ಳತಕ್ಕದ್ದು. ದಾಸ್ತಾನು ಪುಸ್ತಕದಲ್ಲಿ ಲೇಬಲ್ ಪಡೆದ ಶಾಲುಗಳಿಗೆ ಪ್ರತ್ಯೇಕ ಪುಟ ತೆರೆದರೆ ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಎರಡು ಬಗೆಯ ಸರಕಿನ ಬೆಲೆ ಬೆರೆಯುವ ಪ್ರಮೇಯವೂ ಇರುವುದಿಲ್ಲ.