ಬಳ್ಳಾರಿ ಬಿಸಿಲಿಗೆ ಯಾವ ಗಿಡ? ಮಿನ್ನೆಸೋಟದ ಚಳಿ ಹೇಳಿಕೊಟ್ಟ ಲೆಕ್ಕ

ಜನವರಿಯಲ್ಲಿ ಬಳ್ಳಾರಿಯ ಯಾವುದೇ ನರ್ಸರಿಗೆ ಹೋಗಿ, ಖಾಲಿ ಕೈಯಲ್ಲಿ ವಾಪಸ್ ಬರೋದು ಕಷ್ಟ. ಪೆಟುನಿಯಾ, ಡೇಲಿಯಾ, ಸೇವಂತಿಗೆ, ಬಣ್ಣಬಣ್ಣದ ಗುಲಾಬಿ. ಬೆಳಗಿನ ಗಾಳಿ ತಣ್ಣಗೆ, ಬಿಸಿಲೂ ಹಿತ. ಆಂಧ್ರದ ಕಡಿಯಂನಿಂದಲೋ ಬೆಂಗಳೂರಿನಿಂದಲೋ ಲಾರಿಯಲ್ಲಿ ಬಂದಿಳಿದ ಗಿಡಗಳು ಇಲ್ಲೇ ಹುಟ್ಟಿದವೇನೋ ಅನ್ನೋ ಹಾಗೆ ನಳನಳಿಸ್ತಿರುತ್ತವೆ. ಅವನ್ನೇ ಮೇ ತಿಂಗಳಲ್ಲಿ ಮಾಳಿಗೆ ಹತ್ತಿ ನೋಡಿ. ಹೆಚ್ಚಿನ ಮನೆಗಳಲ್ಲಿ ಉಳಿದಿರೋದು ಬರೀ ಕುಂಡ, ಒಣಗಿದ ಕಡ್ಡಿ.

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ಹೊರಗಿನವರು ನಗಾಡ್ತಾರೆ. ನಾವೂ ನಗ್ತೀವಿ. ಆದರೆ ಗಿಡ ಕೊಳ್ಳುವಾಗ ಮಾತ್ರ ಆ ಮಾತು ಮರೆತೇಬಿಡ್ತೀವಿ. ನಮಗೆ ಮೂರನೇ ಕಾಲವೂ ಒಂದಿದೆ, ನವೆಂಬರ್‌ನಿಂದ ಫೆಬ್ರವರಿವರೆಗೆ. ಗಿಡ ಕೊಳ್ಳೋದೆಲ್ಲ ಆ ಕಾಲದಲ್ಲಿ, ಗಿಡ ಸಾಯೋದೆಲ್ಲ ಏಪ್ರಿಲ್-ಮೇನಲ್ಲಿ.

ಇದರಲ್ಲಿ ಇನ್ನೊಂದು ವಿಷಯ ಇದೆ. ನನ್ನ ಹಾಗೆ ಕೆಲಸಕ್ಕಂತ ಬೇರೆ ಊರಲ್ಲಿರೋರು ಹಬ್ಬಕ್ಕೆ ಊರಿಗೆ ಹೋಗುವಾಗ ನಾಲ್ಕು ಗಿಡ ಒಯ್ತೀವಿ. ಫೋಟೊ ತೆಗೀತೀವಿ, ವಾಪಸ್ ಬರ್ತೀವಿ. ನೀರು ಹಾಕೋರು ಯಾರು? ಅಮ್ಮ. ಸಿರುಗುಪ್ಪದ ನಮ್ಮ ಮನೆಯಲ್ಲಿ ಮಾಳಿಗೆಗೆ ಹದಿನೇಳು ಮೆಟ್ಟಿಲು. ಹನ್ನೆರಡು ಇಂಚಿನ ಒಂದು ಕುಂಡಕ್ಕೆ ಮೇ ತಿಂಗಳಲ್ಲಿ ದಿನಕ್ಕೆ ಹೆಚ್ಚು ಕಡಿಮೆ ಎರಡು ಲೀಟರ್ ನೀರು ಬೇಕು. ಇಪ್ಪತ್ತೆರಡು ಕುಂಡಕ್ಕೆ ನಲವತ್ತನಾಲ್ಕು ಲೀಟರ್. ಮೊಣಕಾಲು ನೋವಿರೋ ಅಮ್ಮ ಅರ್ಧರ್ಧ ಕೊಡ ಹೊತ್ತು ದಿನಕ್ಕೆ ಆರೇಳು ಸಲ ಹತ್ತಿ ಇಳೀಬೇಕು. ಹಾಗಾಗಿ ಯಾವ ಗಿಡ ಅನ್ನೋದು ನಮ್ಮ ಮನೆಯಲ್ಲಿ ಚಂದದ ಪ್ರಶ್ನೆ ಅಷ್ಟೇ ಅಲ್ಲ, ಅಮ್ಮನ ಮೊಣಕಾಲಿನ ಪ್ರಶ್ನೆ.

ಅಕ್ಕ ಕೇಳುವ ಮೊದಲ ಪ್ರಶ್ನೆ

ಇದಕ್ಕೆ ಉತ್ತರ ಹುಡುಕುವಾಗ ಸಹಾಯಕ್ಕೆ ಬಂದವಳು ನನ್ನ ದೊಡ್ಡಪ್ಪನ ಮಗಳು. ಸಿರುಗುಪ್ಪದಲ್ಲಿ ಹುಟ್ಟಿ ಬೆಳೆದ ಅಕ್ಕ ಈಗ ಇರೋದು ಅಮೆರಿಕದ ಮಿನ್ನೆಸೋಟದಲ್ಲಿ. "ಇಲ್ಲಿ ಎಲ್ಲಾ ಐತಿ, ನಮ್ಮೂರ ಬಿಸಿಲೊಂದಿಲ್ಲ ನೋಡು" ಅಂತ ವಿಡಿಯೊ ಕಾಲ್‌ನಲ್ಲಿ ಹಿಮ ಮುಚ್ಚಿದ ಹಿತ್ತಲು ತೋರಿಸ್ತಾಳೆ. ಅದೇ ಹಿತ್ತಲಲ್ಲಿ ಜೂನ್ ಬಂದರೆ ಪಿಯೊನಿ, ಲೈಲ್ಯಾಕ್, ಡೇಲಿಲಿ ಮೈತುಂಬ ಹೂ ಬಿಡುತ್ತವೆ.

ಹೇಗೆ ಅಂದರೆ, ಅವಳು ನರ್ಸರಿಯಲ್ಲಿ ಗಿಡದ ಬಣ್ಣ, ಬೆಲೆ ಕೇಳೋಕೂ ಮೊದಲು ಕೇಳೋದು ಒಂದೇ: ಇದು ಎಷ್ಟನೇ ಜೋನ್? ಅಮೆರಿಕದ ಕೃಷಿ ಇಲಾಖೆ ಇಡೀ ದೇಶವನ್ನು 13 ವಲಯಗಳಾಗಿ ವಿಂಗಡಿಸಿದೆ. ಒಂದು ಊರಿನಲ್ಲಿ ವರ್ಷದ ಅತಿ ತಣ್ಣನೆ ರಾತ್ರಿ ಸರಾಸರಿ ಎಷ್ಟು ಡಿಗ್ರಿಗೆ ಇಳಿಯುತ್ತೆ ಅನ್ನೋದೇ ಅದರ ಅಳತೆ. ಈ ನಕ್ಷೆಯನ್ನು 2023ರಲ್ಲಿ ಮತ್ತೆ ಪರಿಷ್ಕರಿಸಿದ್ದಾರೆ. ಮಿನಿಯಾಪೊಲಿಸ್ ನಗರದ ಸುತ್ತಮುತ್ತ ನಾಲ್ಕು ಮತ್ತು ಐದನೇ ವಲಯ ಸೇರುವ ಜಾಗ. ಅಂದ್ರೆ ಅಲ್ಲಿನ ಅತಿ ಕೆಟ್ಟ ರಾತ್ರಿ ಮೈನಸ್ 29 ಡಿಗ್ರಿ ಆಸುಪಾಸು. ಆ ರಾತ್ರಿ ದಾಟದ ಗಿಡವನ್ನು ಮೇ ತಿಂಗಳ ಸೊಗಸು ನೋಡಿ ಅವಳು ನೆಲಕ್ಕೆ ನೆಡೋದಿಲ್ಲ.

ಅಂದ್ರೆ ಅಲ್ಲಿನವರು ಗಿಡ ಆರಿಸೋದು ಕೊಳ್ಳುವ ತಿಂಗಳು ನೋಡಿ ಅಲ್ಲ, ಕೊಲ್ಲುವ ತಿಂಗಳು ನೋಡಿ. ನಮಗೂ ಬೇಕಾಗಿರೋದು ಇದೇ. ತಿಂಗಳು ಮಾತ್ರ ಬೇರೆ.

ನಮಗೆ ಬೇಕಾದ್ದು ಉಲ್ಟಾ ನಕ್ಷೆ

ಬಿಸಿಲಿಗೂ ಇಂಥದ್ದೊಂದು ನಕ್ಷೆ ಇದೆ. ಅಮೆರಿಕನ್ ಹಾರ್ಟಿಕಲ್ಚರಲ್ ಸೊಸೈಟಿ 1997ರಲ್ಲಿ ಹೊರತಂದದ್ದು. ವರ್ಷಕ್ಕೆ ಎಷ್ಟು ದಿನ ತಾಪಮಾನ 30 ಡಿಗ್ರಿ ದಾಟುತ್ತೆ ಅಂತ ಎಣಿಸಿ 12 ವಲಯ ಮಾಡಿದ್ದಾರೆ. 30 ಡಿಗ್ರಿಯ ಆಚೆ ಬಹಳಷ್ಟು ಗಿಡಗಳಿಗೆ ಕಷ್ಟ ಶುರುವಾಗುತ್ತೆ ಅನ್ನೋದು ಇದರ ಹಿಂದಿನ ಲೆಕ್ಕ. 210ಕ್ಕಿಂತ ಹೆಚ್ಚು ದಿನ ಅಂಥ ಬಿಸಿಲಿದ್ದರೆ ಅದು ಕೊನೆಯ, ಹನ್ನೆರಡನೇ ವಲಯ. ಈ ನಕ್ಷೆ ಅಮೆರಿಕಕ್ಕೆ ಮಾಡಿದ್ದು. ಆದರೆ ವರ್ಷದ ಬಹುಪಾಲು ದಿನ 30 ದಾಟುವ, ಏಪ್ರಿಲ್-ಮೇನಲ್ಲಿ 40ರ ಮೇಲೆ ನಿಲ್ಲುವ ಬಳ್ಳಾರಿ ಎಲ್ಲಿ ಬರುತ್ತೆ ಅಂತ ಹೇಳಬೇಕಿಲ್ಲ.

ನಮ್ಮ ನರ್ಸರಿಗಳಲ್ಲಿ ಕುಂಡದ ಮೇಲೆ ಜೋನ್ ಚೀಟಿ ಇರಲ್ಲ. ಅದಕ್ಕೆ ನಾನು ಎರಡು ಪ್ರಶ್ನೆ ಕೇಳ್ತೀನಿ. ಒಂದು, "ಮೇ ತಿಂಗಳಲ್ಲಿ ಈ ಗಿಡ ನೀವು ಎಲ್ಲಿ ಇಡ್ತೀರಿ, ಹಸಿರು ನೆಟ್ ಕೆಳಗೋ ಬಯಲಿಗೋ?" ಎರಡು, "ಎರಡು ದಿನ ನೀರು ತಪ್ಪಿದರೆ ಏನಾಗುತ್ತೆ?" ನರ್ಸರಿಯವರು ಅನುಭವಸ್ಥರು, ಕೇಳಿದರೆ ನಿಜ ಹೇಳ್ತಾರೆ. ಸಾಧ್ಯವಾದರೆ ಮೇ ಕೊನೆಯ ವಾರ ಒಂದು ಸುತ್ತು ಹೋಗಿ ಬನ್ನಿ. ಆಗ ಬಯಲಲ್ಲಿ ಹಸಿರಾಗಿ ನಿಂತಿರೋದೇ ನಿಮ್ಮ ಗಿಡ.

ಮೇ ದಾಟುವ ಗಿಡಗಳು

ಹೂವಿಗೆ ಮೊದಲ ಹೆಸರು ಕಾಗದದ ಹೂವು, ಅಂದ್ರೆ ಬೋಗನ್‌ವಿಲ್ಲಾ. ನೀರು ಸ್ವಲ್ಪ ಕಡಿಮೆಯಾದಾಗಲೇ ಇದು ಚೆನ್ನಾಗಿ ಬಣ್ಣ ಬಿಡೋದು. ನಿತ್ಯಪುಷ್ಪ, ಟೇಬಲ್ ರೋಸ್, ಅಡೇನಿಯಂ, ದೇವಕಣಗಿಲೆ ಕೂಡ ಬಿಸಿಲಿಗೆ ಅಂಜೋದಿಲ್ಲ. ಕಣಗಿಲೆಯೂ ಗಟ್ಟಿ, ಆದರೆ ಬೇರಿನಿಂದ ಹೂವಿನವರೆಗೆ ವಿಷ. ಅಡೇನಿಯಂ ಹಾಲೂ ಅಷ್ಟೇ. ಚಿಕ್ಕ ಮಕ್ಕಳು, ದನಕರು ಇರೋ ಮನೆಗೆ ಇವು ಬೇಡ.

ದುಂಡು ಮಲ್ಲಿಗೆಯನ್ನು ಮರೀಬೇಡಿ. ಬೇರೆ ಹೂವೆಲ್ಲ ಸೋತ ಹೊತ್ತಿಗೆ, ಬೇಸಿಗೆಯಲ್ಲೇ ಇದರ ಹಂಗಾಮು. 2021ರಲ್ಲಿ ವಿಜಯನಗರ ಜಿಲ್ಲೆ ಆಗೋವರೆಗೂ ನಮ್ಮ ಜಿಲ್ಲೆಯಲ್ಲೇ ಇದ್ದ ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಬಿಸಿಲ ನಾಡಿನ ಮಲ್ಲಿಗೆ ಅದು. ಆದರೆ ಮಲ್ಲಿಗೆಗೆ ನೀರು ಬೇಕು, ಹಾಗಾಗಿ ಮನೆಗೆ ಒಂದೋ ಎರಡೋ ಸಾಕು.

ಹಣ್ಣಿಗೆ ಅಂಜೂರ. ಬಳ್ಳಾರಿಯ ಹೆಸರಲ್ಲೇ ಅಂಜೂರದ ಒಂದು ತಳಿ ಇದೆ. ದೊಡ್ಡ ಡ್ರಮ್ಮಿನಲ್ಲೂ ಬರುತ್ತೆ. ದಾಳಿಂಬೆ, ನಿಂಬೆ, ಕರಿಬೇವು, ನುಗ್ಗೆ ಇವೂ ಬಿಸಿಲು ತಡೆಯುತ್ತವೆ. ಅಡುಗೆಗೆ ಪುಂಡಿಪಲ್ಯ, ಚವಳಿಕಾಯಿ, ಬೆಂಡೆಕಾಯಿ, ರಾಜಗಿರಿ. ಮನೆಯ ಊಟಕ್ಕೆ ಬರುವ ಗಿಡಕ್ಕೆ ನೀರು ಹೊರೋದು ಅಮ್ಮನಿಗೂ ಅಷ್ಟು ಭಾರ ಅನಿಸಲ್ಲ.

ಚಳಿಗಾಲದ ಅತಿಥಿಗಳು

ಹಾಗಂತ ಪೆಟುನಿಯಾ, ಡೇಲಿಯಾ ಬೇಡವೇ ಬೇಡ ಅಂತಲ್ಲ. ಅವನ್ನು ಅತಿಥಿ ಅಂತ ತಿಳ್ಕೊಳ್ಳಿ. ಅಕ್ಟೋಬರ್‌ನಲ್ಲಿ ತಂದು ಮಾರ್ಚ್‌ವರೆಗೆ ಖುಷಿಪಡಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ. ಕೊತ್ತಂಬರಿ, ಮೆಂತ್ಯ, ಪಾಲಕ್ ಕೂಡ ಇದೇ ಕಾಲದವು. ಬಿಸಿಲು ಏರಿದ ಮೇಲೆ ಕೊತ್ತಂಬರಿ ಎಲೆ ಬಿಡೋದು ಬಿಟ್ಟು ಹೂವಿಗೆ ಓಡುತ್ತೆ. ಟೊಮೆಟೊ ಅಂತೂ ಹಗಲು 35, ರಾತ್ರಿ 25 ಡಿಗ್ರಿ ದಾಟಿದರೆ ಕಾಯಿ ಕಟ್ಟದೆ ಹೂ ಉದುರಿಸುತ್ತೆ. ಗೊಬ್ಬರ ಹಾಕಿದರೂ ಅಷ್ಟೇ.

ಆನ್‌ಲೈನ್‌ನಲ್ಲಿ ಕಾಣುವ ಟ್ಯುಲಿಪ್ ಗಡ್ಡೆಗೂ ಇದೇ ಮಾತು. ಅದು ಹೂ ಬಿಡೋಕೆ ಸುಮಾರು 12ರಿಂದ 16 ವಾರ ಒಳ್ಳೆ ಚಳಿ ಬೇಕು. ಮಿನ್ನೆಸೋಟದಲ್ಲಿ ಆ ಚಳಿ ಪುಕ್ಕಟೆ, ನಮಗೆ ಫ್ರಿಜ್ಜೇ ಗತಿ. ಅಕ್ಕನಿಗೆ ಇದರ ಉಲ್ಟಾ ಸಮಸ್ಯೆ. ಊರಿಂದ ಒಯ್ದ ಹಳೇ ನಾಟಿ ಅವರೆ ಬೀಜ ಅಲ್ಲಿ ಬಳ್ಳಿಯಾಗಿ ಹಬ್ಬುತ್ತೆ, ಕಾಯಿ ಬಿಡಲ್ಲ. ಅವರೆಗೆ ಹೂ ಬಿಡೋಕೆ ಹಗಲು ಚಿಕ್ಕದಾಗಬೇಕು. ಜೂನ್‌ನಲ್ಲಿ ಅಲ್ಲಿನ ಹಗಲು ಹದಿನೈದು ಗಂಟೆಗೂ ಹೆಚ್ಚು. ಹಗಲು ಕುಗ್ಗೋ ಹೊತ್ತಿಗೆ ಹಿಮ ಬಂದಿರುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಹಗಲಿನ ಉದ್ದ ನೋಡದೆ ಹೂ ಬಿಡುವ ತಳಿಗಳು. ಅಂಥ ಊರಿಗೆ ಅವೇ ಸರಿ. ಬೀಜ ಒಯ್ಯೋರು ಆ ದೇಶದ ನಿಯಮ ಮಾತ್ರ ಮೊದಲೇ ನೋಡ್ಕೊಳ್ಳಿ.

ಮೂರೂರು, ಮೂರು ಮಣ್ಣು

ಒಂದೇ ಜಿಲ್ಲೆ ಆದರೂ ಎಲ್ಲ ಕಡೆ ಒಂದೇ ಲೆಕ್ಕ ನಡೆಯಲ್ಲ. ಸಿರುಗುಪ್ಪದಲ್ಲಿ ತುಂಗಭದ್ರೆಯ ನೀರು, ಭತ್ತದ ಗದ್ದೆ, ಎರೆ ಮಣ್ಣು. ಈ ಮಣ್ಣು ನೆನೆದರೆ ಉಬ್ಬಿ ಅಂಟಾಗುತ್ತೆ, ಒಣಗಿದರೆ ಬಿರುಕು ಬಿಡುತ್ತೆ. ಹೊಲಕ್ಕೆ ಚಿನ್ನ, ಕುಂಡಕ್ಕೆ ಇಟ್ಟಿಗೆ. ಕುಂಡಕ್ಕೆ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಿ. ರೈಸ್ ಮಿಲ್ಲಿನ ಭತ್ತದ ಹೊಟ್ಟು ಮೇಲೆ ಹೊದಿಸೋಕೆ ಬಹಳ ಒಳ್ಳೇದು. ಮಿಲ್ಲಿನ ಬೂದಿ ಮಾತ್ರ ಬೇಡ. ನಮ್ಮ ಮಣ್ಣಿನಲ್ಲಿ ಮೊದಲೇ ಸುಣ್ಣದಂಶ ಜಾಸ್ತಿ, ಬೂದಿ ಅದನ್ನು ಇನ್ನೂ ಹೆಚ್ಚಿಸುತ್ತೆ.

ಕುರುಗೋಡಿನಲ್ಲಿ ನನ್ನ ಸೋದರತ್ತೆಯ ಮನೆ ಬಂಡೆಗುಡ್ಡದ ಬುಡದಲ್ಲಿದೆ. ಹಗಲಿಡೀ ಕಾದ ಬಂಡೆ ರಾತ್ರಿ ಹತ್ತಾದರೂ ಆರಲ್ಲ. ಅಲ್ಲಿ ಅತ್ತೆ ಇಟ್ಟಿರೋದು ಸೀತಾಫಲ, ಅಂಜೂರ, ದೇವಕಣಗಿಲೆ. ಎಲ್ಲ ನೆಲದಲ್ಲೇ, ಒಂದೂ ಕುಂಡ ಇಲ್ಲ. "ಬೇರಿಗೆ ತಂಪು ಸಿಕ್ಕರ ಸಾಕಲೇ, ತೆಲಿಗೆ ಬಿಸಿಲು ಬಿದ್ದರ ಏನಾಗಂಗಿಲ್ಲ" ಅಂತಾರೆ ಅತ್ತೆ. ನೆಲ ಇದ್ದವರು ನೆಲದಲ್ಲೇ ಇಡಿ ಅನ್ನೋದಕ್ಕೆ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ.

ಬಳ್ಳಾರಿ ನಗರದ ಬಾಡಿಗೆ ಮನೆಯಲ್ಲಿ ನನಗೆ ಸಿಕ್ಕಿರೋದು ಕಾಂಕ್ರೀಟ್ ಮಾಳಿಗೆಯ ಒಂದು ಮೂಲೆ. ಇಲ್ಲಿ ಬಿಸಿಲು ಮೇಲಿಂದಷ್ಟೇ ಅಲ್ಲ, ಕೆಳಗಿಂದಲೂ ಬರುತ್ತೆ. ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಬೆಂದೇ ಹೋಗುತ್ತೆ. ಮಣ್ಣಿನ ಕುಂಡ ತೊಗೊಳ್ಳಿ, ಕೆಳಗೆ ಎರಡು ಇಟ್ಟಿಗೆ ಇಡಿ, ಕುಂಡಗಳನ್ನು ಒಂದಕ್ಕೊಂದು ಒತ್ತಿ ಗುಂಪಾಗಿ ಇಡಿ. ಬೋರ್ ನೀರಿನ ಉಪ್ಪಿನಿಂದ ಮಣ್ಣಿನ ಮೇಲೆ ಬಿಳಿ ಪದರ ಕಂಡರೆ, ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ, ಗಿಡಕ್ಕೆ ಕಬ್ಬಿಣದಂಶ ಸಿಗ್ತಿಲ್ಲ ಅಂತ ಅರ್ಥ. ಮಳೆ ನೀರು, ಎಸಿ ಪೈಪಿನ ನೀರು, ಅಕ್ಕಿ ತೊಳೆದ ನೀರು ಹಾಕಿ. ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರು ಬೇಡ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಒಳಗೆ ತರೋದು, ನೆರಳಿಗೆ ಸರಿಸೋದು

ಅಕ್ಕನ ಹತ್ತಿರ ಒಂದು ಕರಿಬೇವಿನ ಗಿಡ ಇದೆ. ಮೇ ಕೊನೆಗೆ ಹೊರಗೆ ಬರುತ್ತೆ, ಸೆಪ್ಟೆಂಬರ್‌ನಲ್ಲಿ ರಾತ್ರಿ 10 ಡಿಗ್ರಿಗೆ ಇಳಿಯೋದರೊಳಗೆ ಮತ್ತೆ ಮನೆಯೊಳಗೆ ಹೋಗುತ್ತೆ. ಚಳಿಗಾಲದಲ್ಲಿ ಎಲೆ ಉದುರಿಸಿ ಕಿಟಕಿ ಪಕ್ಕ ಸುಮ್ಮನೆ ನಿಲ್ಲುತ್ತೆ. ಅವಳು ಗಾಬರಿಯಾಗಿ ನೀರು ಸುರಿಯಲ್ಲ. ಮಲಗಿದೆ, ಮಲಗಲಿ ಅಂತಾಳೆ. ಬೆಳ್ಳುಳ್ಳಿಯನ್ನು ಅಕ್ಟೋಬರ್‌ನಲ್ಲೇ ಊರಿ ಮೇಲೆ ಹುಲ್ಲು ಹೊದಿಸ್ತಾಳೆ. ಹಿಮವೂ ಒಂದು ಕಂಬಳಿಯೇ. ಜುಲೈನಲ್ಲಿ ಕೀಳ್ತಾಳೆ.

ನಮ್ಮದೂ ಇದೇ ಕೆಲಸ, ತಿಂಗಳು ಬದಲು. ಫೆಬ್ರವರಿ ಕೊನೆಗೆ ಭತ್ತದ ಹೊಟ್ಟೋ ಶೇಂಗಾ ಸಿಪ್ಪೆಯೋ ಎರಡು ಇಂಚು ಹೊದಿಸಿ. ಮಾರ್ಚ್‌ನಲ್ಲಿ 50 ಪರ್ಸೆಂಟ್ ಹಸಿರು ನೆಟ್ ಕಟ್ಟಿ, ನಾಜೂಕಿನ ಕುಂಡಗಳನ್ನು ಪೂರ್ವದ ಗೋಡೆ ಬದಿಗೆ ಸರಿಸಿ. ಮಧ್ಯಾಹ್ನದ ಮೇಲೆ ಅಲ್ಲಿ ನೆರಳು. ಏಪ್ರಿಲ್-ಮೇನಲ್ಲಿ ಹೊಸ ಗಿಡ ನೆಡಬೇಡಿ, ಕತ್ತರಿ ಆಡಿಸಬೇಡಿ, ಗೊಬ್ಬರ ಹಾಕಬೇಡಿ. ನೀರು ಬೆಳಿಗ್ಗೆ ಬೇಗ ಹಾಕಿ. ದೊಡ್ಡ ಗಿಡ ನೆಲಕ್ಕಿಡೋದಾದರೆ ಮಳೆ ಶುರುವಾದ ಮೇಲೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ, ಜೋರು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ. ಅಷ್ಟರಲ್ಲೇ ಬೇರು ಇಳಿಯಬೇಕು.

ಹನ್ನೆರಡು ಕುಂಡ ಸಾಕು

ಈ ಲೆಕ್ಕ ಹಿಡಿದು ಸಿರುಗುಪ್ಪದ ಮಾಳಿಗೆಯನ್ನು ಅಮ್ಮನ ಜೊತೆ ಕೂತು ಬದಲಾಯಿಸಿದೆವು. ಇಪ್ಪತ್ತೆರಡು ಕುಂಡ ಹನ್ನೆರಡಾದವು. ದಿನಾ ನೀರು ಕೇಳೋ ಮಲ್ಲಿಗೆ, ಕರಿಬೇವು ಕೆಳಗೆ ಅಂಗಳಕ್ಕೆ ಇಳಿದವು, ಪಾತ್ರೆ ತೊಳೆಯೋ ಜಾಗದ ಪಕ್ಕ. ಮಾಳಿಗೆಯಲ್ಲಿ ಉಳಿದದ್ದು ಬೋಗನ್‌ವಿಲ್ಲಾ, ಅಡೇನಿಯಂ, ಡ್ರಮ್ಮಿನಲ್ಲೊಂದು ಅಂಜೂರ, ಅಂಥವೇ. ಅಡೇನಿಯಂಗೆ ವಾರಕ್ಕೆರಡು ಸಲ ನೀರು ಸಾಕು, ಬೋಗನ್‌ವಿಲ್ಲಾಗೆ ದಿನ ಬಿಟ್ಟು ದಿನ. ಅಮ್ಮ ಈಗ ಮೆಟ್ಟಿಲು ಹತ್ತೋದು ಬೆಳಿಗ್ಗೆ ಒಂದೇ ಸಲ, ಅದೂ ಒಂದು ಸಣ್ಣ ಕೊಡ ಹಿಡಿದು.

ಮುಂದಿನ ಸಲ ನರ್ಸರಿಯಲ್ಲಿ ಮನಸ್ಸು ಸೋತಾಗ ಒಂದೇ ಒಂದು ನಿಮಿಷ ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆ ನೆನಪಿಸಿಕೊಳ್ಳಿ. ಹಾಗೇ, ಆ ಗಿಡಕ್ಕೆ ನೀರು ಹೊರೋರು ಯಾರು ಅಂತಲೂ.