ಜರ್ಮನಿಗೆ ಅರ್ಜಿ: ಫೀಸು ಕಡಿಮೆ, ಕಾಗದ ಜಾಸ್ತಿ

"ವಿದೇಶದಲ್ಲಿ ಸ್ನಾತಕೋತ್ತರ ಓದಲು ಎಷ್ಟು ದುಡ್ಡು ಬೇಕು?" ಎಂದು ನಮ್ಮ ಕಾಮರ್ಸ್ ತರಗತಿಯಲ್ಲಿ ಯಾರನ್ನು ಕೇಳಿದರೂ ಉತ್ತರ ಒಂದೇ: ಮೂವತ್ತು ಲಕ್ಷ. ಈ ಮೂವತ್ತು ಲಕ್ಷದ ಲೆಕ್ಕ ಎಲ್ಲಿಂದ ಬಂತು ಎಂದರೆ ಯಾರಿಗೂ ಗೊತ್ತಿಲ್ಲ. ಯಾರದೋ ಮದುವೆಯ ದಾವತ್‌ನಲ್ಲಿ ಯಾರೋ ಹೇಳಿದ್ದು. ಆ ಒಂದು ಅಂಕಿ ಕೇಳಿದ ಮೇಲೆ ಮನೆಯಲ್ಲಿ ಮಾತು ಅಲ್ಲಿಗೇ ನಿಲ್ಲುತ್ತದೆ, ಅದರಲ್ಲೂ ಹುಡುಗಿಯರ ವಿಷಯದಲ್ಲಿ.

ನನ್ನ ಖಾಲಾ ಅವರ ಮಗಳನ್ನು ನಾವೆಲ್ಲ ಆಪಾ ಎನ್ನುತ್ತೇವೆ. ಅವರು ಬಿ.ಕಾಂ. ಮುಗಿಸಿ, ಎರಡು ವರ್ಷ ಒಬ್ಬ ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡಿ, ಕಳೆದ ವರ್ಷ ಜರ್ಮನಿಯ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದರು. ಖರ್ಚಿನ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಖಾಲು ಹಾಕಿದ್ದು ಒಂದೇ ಷರತ್ತು: ಬಡ್ಡಿ ಸಾಲ ಬೇಡ. ಆ ಷರತ್ತಿನೊಳಗೆ ಇದು ಆಗುತ್ತದೆಯೇ ಎಂದು ನೋಡುತ್ತಾ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫೀಸಿನ ಮಾತು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ, ಹೊರದೇಶದವರಿಗೂ ಇಲ್ಲ. ಸೆಮಿಸ್ಟರ್‌ಗೆ ಒಂದು ವಂತಿಗೆ ಇರುತ್ತದೆ, ಸಾಮಾನ್ಯವಾಗಿ 100ರಿಂದ 350 ಯೂರೋ. ಹಲವು ಕಡೆ ಅದರಲ್ಲೇ ಬಸ್ಸು, ರೈಲಿನ ಪಾಸೂ ಸೇರಿರುತ್ತದೆ. ಇದಕ್ಕೆ ಅಪವಾದಗಳಿವೆ. ಬಾಡನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಂದ ಸೆಮಿಸ್ಟರ್‌ಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಸ್ನಾತಕೋತ್ತರಕ್ಕೆ 4,000ದಿಂದ 6,000 ಯೂರೋ ಇಟ್ಟಿದೆ. ಖಾಸಗಿ ವಿಶ್ವವಿದ್ಯಾಲಯಗಳ ಲೆಕ್ಕ ಬೇರೆಯೇ. ನಮ್ಮೂರಿನ ಒಬ್ಬ ಏಜೆಂಟರು ಆಪಾಗೆ ತೋರಿಸಿದ ಐದು ಹೆಸರುಗಳಲ್ಲಿ ಐದೂ ಖಾಸಗಿ! "ನಮ್ಮ ಸೇವೆ ಉಚಿತ" ಎಂದರು. ಉಚಿತ ಸೇವೆ ಕೊಡುವ ಏಜೆಂಟನಿಗೆ ಕಮಿಷನ್ ಯಾರು ಕೊಡುತ್ತಾರೆ ಎಂದು ಕೇಳಲು ಲೆಕ್ಕಶಾಸ್ತ್ರ ಓದಿದವರಿಗೆ ಹೇಳಿಕೊಡಬೇಕಾಗಿಲ್ಲ. ಬಾಗಿಲು ತೆರೆದಿರುವ ಸರ್ಕಾರಿ ವಿಶ್ವವಿದ್ಯಾಲಯ ಅವನಿಗೆ ಏನೂ ಕೊಡುವುದಿಲ್ಲ, ಆದ್ದರಿಂದ ಅವನ ಪಟ್ಟಿಯಲ್ಲಿ ಅದು ಇರುವುದೂ ಇಲ್ಲ. ಸಂಸ್ಥೆಗೆ ಮಾನ್ಯತೆ ಇದೆಯೇ ಎಂದು ನೋಡಲು 'ಅನಾಬಿನ್' ಎಂಬ ಜರ್ಮನ್ ಸರ್ಕಾರಿ ಮಾಹಿತಿಕೋಶ ಇದೆ. ನಮ್ಮ ಕಡೆಯ ವಿಶ್ವವಿದ್ಯಾಲಯಗಳ ಹೆಸರನ್ನೂ ಅಲ್ಲಿ ಹುಡುಕಬಹುದು, ಕಾಸು ಕೊಡಬೇಕಿಲ್ಲ.

ಹಾಗಾದರೆ ದೊಡ್ಡ ಮೊತ್ತ ಯಾವುದು? ಬ್ಲಾಕ್ಡ್ ಅಕೌಂಟ್. ಈ ಹೆಸರು ಕೇಳಿ ಅಮ್ಮಿ, "ಪೊಲೀಸರು ಖಾತೆ ನಿಲ್ಲಿಸಿಬಿಟ್ಟರೇನು?" ಎಂದು ಗಾಬರಿಯಾದರು. ಅದು ಹಾಗಲ್ಲ. ಮೊದಲ ವರ್ಷ ಅಲ್ಲಿ ಊಟ, ಬಾಡಿಗೆಗೆ ನಿಮ್ಮ ಹತ್ತಿರ ದುಡ್ಡಿದೆ ಎಂದು ವೀಸಾ ಅಧಿಕಾರಿಗೆ ತೋರಿಸಬೇಕು. ಅದಕ್ಕಾಗಿ 11,904 ಯೂರೋ ಮುಂಚಿತವಾಗಿ ಒಂದು ಖಾತೆಗೆ ಹಾಕಬೇಕು. 2024ರ ಸೆಪ್ಟೆಂಬರ್‌ನಿಂದ ಇರುವ ಮೊತ್ತ ಇದು. ಅಲ್ಲಿಗೆ ಹೋದ ಮೇಲೆ ಅದೇ ಹಣ ತಿಂಗಳಿಗೆ 992 ಯೂರೋದಂತೆ ನಿಮಗೇ ವಾಪಸ್ ಸಿಗುತ್ತದೆ. ಅಂದರೆ ಇದು ಯಾರಿಗೂ ಕೊಟ್ಟ ಫೀಸಲ್ಲ. ನಮ್ಮ ಪಠ್ಯದ ಭಾಷೆಯಲ್ಲಿ ಹೇಳುವುದಾದರೆ, ಖಾತೆಗೆ ಹಾಕಿದ ದಿನ ಅದು ಖರ್ಚಲ್ಲ, ಆಸ್ತಿ. ಬಾಡಿಗೆ ಕೊಟ್ಟಾಗ, ಅಕ್ಕಿ ಕೊಂಡಾಗ ತಿಂಗಳು ತಿಂಗಳು ಖರ್ಚಿನ ಕಡೆಗೆ ಹೋಗುತ್ತದೆ. ಯೂರೋಗೆ 100 ರೂಪಾಯಿ ಎಂದು ಹಿಡಿದರೆ 11,90,400 ರೂಪಾಯಿ.

ಸಣ್ಣ ಮೊತ್ತ ಅಲ್ಲ, ಒಪ್ಪುತ್ತೇನೆ. ಆದರೆ ಮೂವತ್ತು ಲಕ್ಷವೂ ಅಲ್ಲ. ಬಡ್ಡಿ ಇಲ್ಲದೆ ಇದನ್ನು ಹೊಂದಿಸಲು ದಾರಿ ಹುಡುಕಬಹುದು. ಆಪಾ ತಮ್ಮ ಎರಡು ವರ್ಷದ ಸಂಬಳದಲ್ಲಿ ಉಳಿಸಿದ್ದು ಒಂದು ಭಾಗ. ಖಾಲು ಅವರದು ಒಂದು ಭಾಗ. ಉಳಿದದ್ದು ಮಾಮೂ ಕೊಟ್ಟ ಕರ್ಜೆ ಹಸನಾ. ಅದನ್ನೂ ಬಾಯಿಮಾತಿನಲ್ಲಿ ಬಿಡಲಿಲ್ಲ. ಎಷ್ಟು, ಯಾವಾಗಿನಿಂದ ತೀರಿಸುವುದು ಎಂದು ಬರೆದು, ಇಬ್ಬರು ಸಾಕ್ಷಿ ಹಾಕಿ, ಪ್ರತಿ ಇಟ್ಟುಕೊಂಡಿದ್ದಾರೆ. ಕೇಂದ್ರದ 'ಪಢೋ ಪರದೇಶ್' ಯೋಜನೆ ಇದೆಯಲ್ಲ ಎಂದು ಕೆಲವರು ಹೇಳಿದರು. ಅದು ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ಯೋಜನೆ, 2022-23ರಿಂದ ನಿಂತುಹೋಗಿದೆ. ಹಳೆಯ ಕರಪತ್ರ ನಂಬಿಕೊಂಡು ಕೂರಬೇಡಿ. ನಮ್ಮ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ವಿದೇಶದಲ್ಲಿ ಓದುವವರಿಗೆ ಸಾಲ ಕೊಡುತ್ತದೆ. ಯಾವ ವರಮಾನದವರಿಗೆ, ಯಾವ ಷರತ್ತಿನಲ್ಲಿ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು.

ಕಾಮರ್ಸ್‌ನವರಿಗಾಗಿ ಇನ್ನೊಂದು ಮಾತು. ಒಂದು ಹಣಕಾಸು ವರ್ಷದಲ್ಲಿ ಒಬ್ಬರು ಹೊರದೇಶಕ್ಕೆ ಕಳಿಸುವ ಹಣ 10 ಲಕ್ಷ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ಟಿಸಿಎಸ್ ಹಿಡಿಯುತ್ತದೆ. ಅದು ಹೋದ ದುಡ್ಡಲ್ಲ. ಆದಾಯ ತೆರಿಗೆ ರಿಟರ್ನ್ ಹಾಕುವಾಗ ಹೊಂದಿಸಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸ್ ಪಡೆಯಬಹುದು. ಆದರೆ ಯಾರ ಪ್ಯಾನ್‌ನಿಂದ ಹೋಯಿತೋ ಅವರೇ ರಿಟರ್ನ್ ಹಾಕಬೇಕು. ಇದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆಪಾ ಹೇಳಿಕೊಟ್ಟರು. ಆಡಿಟರ್ ಕಚೇರಿಯ ಅನುಭವ!

ಇನ್ನು ಕಾಗದದ ಕಡೆ ಬರೋಣ. ಅಲ್ಲಿಯವರು ನಮ್ಮ ಮುಖ ನೋಡುವುದಿಲ್ಲ, ಕಾಗದ ನೋಡುತ್ತಾರೆ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ವೀಸಾಕ್ಕೆ ಮೊದಲು ಎಪಿಎಸ್ ಪ್ರಮಾಣಪತ್ರ ಪಡೆಯುವುದು ಕಡ್ಡಾಯ. ದೆಹಲಿಯಲ್ಲಿರುವ ಎಪಿಎಸ್ ಕಚೇರಿ ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ಪರಿಶೀಲಿಸುತ್ತದೆ. ಶುಲ್ಕ 18,000 ರೂಪಾಯಿ. ಆಪಾ ಕಳಿಸಿದ ಕಟ್ಟಿನಲ್ಲಿ ಪದವಿಯ ಅಂಕಪಟ್ಟಿಯ ಜೊತೆಗೆ ಎಸ್‌ಎಸ್‌ಎಲ್‌ಸಿ, ಪಿಯುಸಿ ಅಂಕಪಟ್ಟಿಗಳೂ ಇದ್ದವು.

ಇಲ್ಲಿ ನಮ್ಮವರಿಗೆ ದೊಡ್ಡ ತೊಡಕು ಹೆಸರಿನದು. ಒಬ್ಬನೇ ಹುಡುಗ ಎಸ್‌ಎಸ್‌ಎಲ್‌ಸಿಯಲ್ಲಿ 'ಎಂಡಿ', ಆಧಾರ್‌ನಲ್ಲಿ 'ಮೊಹಮ್ಮದ್', ಪಾಸ್‌ಪೋರ್ಟ್‌ನಲ್ಲಿ 'ಮುಹಮ್ಮದ್' ಆಗಿರುತ್ತಾನೆ. ಎಂಡಿ ಎಂದರೆ ಜರ್ಮನಿಯ ಗುಮಾಸ್ತರು ಮ್ಯಾನೇಜಿಂಗ್ ಡೈರೆಕ್ಟರ್ ಎಂದುಕೊಂಡರೂ ಆಶ್ಚರ್ಯವಿಲ್ಲ. ಹೆಣ್ಣುಮಕ್ಕಳ ಹೆಸರಿನಲ್ಲಿ ಒಂದು ಕಡೆ ಬೇಗಂ, ಇನ್ನೊಂದು ಕಡೆ ಬಾನು, ಮತ್ತೊಂದು ಕಡೆ ಎರಡೂ ಇಲ್ಲ. ಹೆಸರಿನ ಮುಂದಿನ 'ಎಸ್' ಅಕ್ಷರ ಸೈಯದೋ, ಶೇಖೋ, ತಂದೆಯ ಹೆಸರೋ, ಊರೋ, ಸ್ವತಃ ಅವರಿಗೇ ಅನುಮಾನ. ಬರೀ ಒಂದೇ ಪದದ ಹೆಸರಿದ್ದರೆ ಇನ್ನೂ ಕಷ್ಟ. ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗ ಖಾಲಿ ಇದ್ದವರಿಗೆ 'ಎಫ್‌ಎನ್‌ಯು' ಎಂದು ಹಾಕುತ್ತಾರೆ, ಅಂದರೆ 'ಮೊದಲ ಹೆಸರು ತಿಳಿದಿಲ್ಲ'. ಆಪಾ ಅವರ ಪಾಸ್‌ಪೋರ್ಟಿಗೂ ಅಂಕಪಟ್ಟಿಗೂ ಒಂದು ಅಕ್ಷರ ಟ್ಯಾಲಿ ಆಗದೆ ಅಫಿಡವಿಟ್, ಓಡಾಟ ಎಂದು ಎರಡು ತಿಂಗಳು ಹೋಯಿತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ತಪ್ಪನ್ನು ತಿದ್ದಿಸಲು ಓದಿದ ಶಾಲೆಯ ಮೂಲಕವೇ ಮಂಡಳಿಗೆ ಹೋಗಬೇಕು. ಶಾಲೆ ಬಿಟ್ಟು ಎರಡು ವರ್ಷವಾದ ನಮಗೆ ಅದು ಸುಲಭ, ಹತ್ತು ವರ್ಷವಾದವರಿಗೆ ಅಲ್ಲ. ನಮ್ಮ ಪಿಯು ಅಂಕಪಟ್ಟಿ ಇನ್ನೂ ಮುದ್ರಣವಾಗಿಲ್ಲ. ಪರೀಕ್ಷೆಗೆ ನೋಂದಾಯಿಸುವಾಗ ಕಾಲೇಜಿನಲ್ಲಿ ಹೆಸರಿನ ಪಟ್ಟಿ ತೋರಿಸಿ ಸಹಿ ಮಾಡಿಸಿಕೊಳ್ಳುತ್ತಾರಲ್ಲ, ಆ ಒಂದು ನಿಮಿಷ ಗಮನ ಕೊಟ್ಟು ಓದಿ.

ಅಂಕಗಳ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ ಎಲ್ಲ ಉಲ್ಟಾ. ಅಲ್ಲಿ 1 ಎಂದರೆ ಅತ್ಯುತ್ತಮ, 4 ಎಂದರೆ ಬರೀ ಪಾಸ್. ನಮ್ಮ ಅಂಕವನ್ನು ಅದಕ್ಕೆ ಪರಿವರ್ತಿಸಲು ಒಂದು ಸೂತ್ರ ಇದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಮತ್ತು ಪಾಸು ಅಂಕಗಳ ವ್ಯತ್ಯಾಸದಿಂದ ಭಾಗಿಸಿ. 3ರಿಂದ ಗುಣಿಸಿ 1 ಕೂಡಿಸಿ. ಪಾಸು ಅಂಕ 40 ಇರುವಲ್ಲಿ ಪದವಿಯಲ್ಲಿ 75 ಬಂದವರಿಗೆ 25ನ್ನು 60ರಿಂದ ಭಾಗಿಸಿ ಮುಂದುವರಿದರೆ 2.25 ಸಿಗುತ್ತದೆ. ಹಲವು ವಿಭಾಗಗಳು 2.5ರ ಒಳಗಿರಬೇಕು ಎನ್ನುತ್ತವೆ. ಅದೇ ಸೂತ್ರದಲ್ಲಿ 2.5 ಎಂದರೆ ನಮ್ಮ 70. ಚಿನ್ನದ ಪದಕ ಬೇಕಾಗಿಲ್ಲ, ಆದರೆ "ಬರೀ ಪಾಸಾದರೆ ಸಾಕು" ಎಂಬ ನಮ್ಮ ಹಿಂದಿನ ಬೆಂಚಿನ ಸಿದ್ಧಾಂತವೂ ನಡೆಯುವುದಿಲ್ಲ.

ಅಂಕಕ್ಕಿಂತ ಹೆಚ್ಚಾಗಿ ಆಪಾ ಅವರನ್ನು ಕಾಡಿದ್ದು ಕ್ರೆಡಿಟ್. ಯುರೋಪಿನಲ್ಲಿ ಪೂರ್ತಿ ಒಂದು ವರ್ಷದ ಓದಿಗೆ 60 ಇಸಿಟಿಎಸ್ ಕ್ರೆಡಿಟ್. ಮೂರು ವರ್ಷದ ಪದವಿಗೆ 180. ಕರ್ನಾಟಕದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ಬಿಟ್ಟು 2024-25ರಿಂದ ಮತ್ತೆ ಮೂರು ವರ್ಷ ಮಾಡಿದ್ದಾರೆ. ಜರ್ಮನಿಯ ಪದವಿಯೂ ಹೆಚ್ಚಾಗಿ ಮೂರೇ ವರ್ಷದ್ದಾದ್ದರಿಂದ ಅಲ್ಲಿ ಇದು ಸಾಮಾನ್ಯವಾಗಿ ತೊಂದರೆ ಅಲ್ಲ, 210 ಕ್ರೆಡಿಟ್ ಕೇಳುವ ಕೆಲವು ಕೋರ್ಸುಗಳನ್ನು ಬಿಟ್ಟರೆ. ಅಮೆರಿಕದಲ್ಲಿ ಹದಿನಾರು ವರ್ಷದ ಓದು ಬೇಕು ಎನ್ನುವ ವಿಶ್ವವಿದ್ಯಾಲಯಗಳಿವೆ, ಒಂದೊಂದನ್ನೂ ವಿಚಾರಿಸಬೇಕು. ಬ್ರಿಟನ್‌ನಲ್ಲಿ ಮೂರು ವರ್ಷ ಸಾಕು, ಸ್ನಾತಕೋತ್ತರವೂ ಒಂದೇ ವರ್ಷ, ಆದರೆ ಫೀಸು ಭಾರಿ. ಅಲ್ಲದೆ ತೋರಿಸುವ ಹಣ ಸತತ 28 ದಿನ ಬ್ಯಾಂಕಿನಲ್ಲಿ ಅಲುಗಾಡದೆ ಇರಬೇಕು.

ಒಟ್ಟು ಕ್ರೆಡಿಟ್ ಸರಿಯಿದ್ದರೂ ಯಾವ ವಿಷಯದಲ್ಲಿ ಎಷ್ಟು ಎಂದು ಬಿಡಿಸಿ ನೋಡುತ್ತಾರೆ. ಪರಿವರ್ತನೆ ತ್ರೈರಾಶಿಯಷ್ಟೇ. ನಿಮ್ಮ ಬಿ.ಕಾಂ.ಗೆ ಒಟ್ಟು 120 ಕ್ರೆಡಿಟ್ ಎಂದಿಟ್ಟುಕೊಳ್ಳಿ, ಅದು 180ಕ್ಕೆ ಸಮ. ಹಾಗಾಗಿ 4 ಕ್ರೆಡಿಟ್‌ನ ಒಂದು ಪತ್ರಿಕೆ ಅಲ್ಲಿ 6 ಆಗುತ್ತದೆ. ಆಪಾ ಬಹಳ ಆಸೆಪಟ್ಟಿದ್ದ ಒಂದು ವಿಭಾಗ ಗಣಿತ ಮತ್ತು ಸಂಖ್ಯಾಶಾಸ್ತ್ರದಲ್ಲಿ 18 ಕೇಳಿತ್ತು. ಅವರ ಹತ್ತಿರ ಅಂಥ ಪತ್ರಿಕೆ ಎರಡೇ, ಅಂದರೆ 12. ಅವರು ಒಂದು ತಿಂಗಳು ಕೂತು ಬರೆದ ಉದ್ದೇಶ ಪತ್ರವನ್ನು ಯಾರೂ ಓದಿದಂತೆ ಕಾಣಲಿಲ್ಲ, ನಾಲ್ಕು ಸಾಲಿನ ತಿರಸ್ಕಾರ ಬಂತು. ಆ ಆರು ಕ್ರೆಡಿಟ್‌ನ ಕಥೆ ಶುರುವಾಗಿದ್ದು ಪಿಯುಸಿಯಲ್ಲಿ. ಆಗ ಅವರು ಎಚ್‌ಇಬಿಎ ತೆಗೆದುಕೊಂಡಿದ್ದರು. ಗಣಿತದ ಅಭ್ಯಾಸ ತಪ್ಪಿದ್ದರಿಂದ ಪದವಿಯಲ್ಲೂ ಸಂಖ್ಯಾಶಾಸ್ತ್ರದ ಐಚ್ಛಿಕ ಪತ್ರಿಕೆಗಳನ್ನು ಬಿಟ್ಟರು. ಇತಿಹಾಸ ಬೇಡ ಎಂದು ನಾನು ಹೇಳುತ್ತಿಲ್ಲ, ನನಗೆ ಅದು ಇಷ್ಟವೇ. ಆದರೆ ಹಣಕಾಸು, ಅರ್ಥಶಾಸ್ತ್ರದಲ್ಲಿ ಮುಂದೆ ಓದುವ ಮನಸ್ಸಿದ್ದರೆ ಎಸ್‌ಇಬಿಎ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಸಂಯೋಜನೆ ನೋಡಿ ಎಂದು ಹತ್ತನೆಯ ತರಗತಿಯಲ್ಲಿರುವ ನಿಮ್ಮ ತಮ್ಮ ತಂಗಿಯರಿಗೆ ಹೇಳಿ. ನಮ್ಮ ಸಂಯೋಜನೆ ಇನ್ನು ಬದಲಾಗದು, ಪದವಿಯಲ್ಲಿ ಆ ಪತ್ರಿಕೆಗಳನ್ನು ಆರಿಸಿಕೊಳ್ಳಲು ನಮಗೆ ಇನ್ನೂ ಅವಕಾಶ ಇದೆ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಇಂಗ್ಲಿಷ್‌ಗೆ ಐಇಎಲ್‌ಟಿಎಸ್, ಅದರ ಅಂಕ ಎರಡು ವರ್ಷ ಮಾತ್ರ ಊರ್ಜಿತ, ಆದ್ದರಿಂದ ಈಗಲೇ ಬರೆದಿಡುವುದು ದಂಡ. ಹಲವು ವಿಶ್ವವಿದ್ಯಾಲಯಗಳಿಗೆ 'ಉನಿ-ಅಸಿಸ್ಟ್' ಎಂಬ ಒಂದೇ ಕಡೆಯಿಂದ ಅರ್ಜಿ ಹೋಗುತ್ತದೆ, ಮೊದಲನೆಯದಕ್ಕೆ 75 ಯೂರೋ, ಅದೇ ಸೆಮಿಸ್ಟರ್‌ನ ಪ್ರತಿ ಮುಂದಿನದಕ್ಕೆ 30. ಅಕ್ಟೋಬರ್‌ನಲ್ಲಿ ತರಗತಿ, ಕೊನೆಯ ದಿನ ಹಲವು ಕಡೆ ಜುಲೈ 15, ಕೆಲವು ಕಡೆ ಇನ್ನೂ ಮೊದಲು. ನಮ್ಮ ಪದವಿ ಫಲಿತಾಂಶ ಬರುವ ಹೊತ್ತಿಗೆ ಆ ದಿನ ಕಳೆದಿರುವುದೇ ಹೆಚ್ಚು. ಹೀಗಾಗಿ ಒಂದು ವರ್ಷ ಮಧ್ಯೆ ಸಿಗುತ್ತದೆ. ಆ ವರ್ಷ ಕೆಲಸ ಮಾಡಿದರೆ ಬ್ಲಾಕ್ಡ್ ಅಕೌಂಟಿಗೂ ಸ್ವಲ್ಪ ಕೂಡುತ್ತದೆ. ಅಲ್ಲಿ ಓದುತ್ತಾ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿ ಇದೆ. ಎರಡನೇ ವರ್ಷದ ಖರ್ಚಿಗೆ ಆಪಾ ಅದನ್ನೇ ನೆಚ್ಚಿಕೊಂಡಿದ್ದಾರೆ. ಅದು ಖಚಿತ ಆದಾಯ ಅಲ್ಲ, ಪಟ್ಟಿಯಲ್ಲಿ ಅದನ್ನು ಅರ್ಧಕ್ಕಿಂತ ಹೆಚ್ಚು ಬರೆಯಬೇಡ ಎಂದು ನನಗೆ ಅವರೇ ಹೇಳಿದ್ದು.

ಲೆಕ್ಕಶಾಸ್ತ್ರ ಮತ್ತು ವ್ಯವಹಾರ ಅಧ್ಯಯನದ ಕ್ರೆಡಿಟ್ ಹೆಚ್ಚು ಕೇಳುವ ಇನ್ನೊಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಆಪಾಗೆ ಸೀಟು ಸಿಕ್ಕಿದೆ. ವೀಸಾಕ್ಕೆ ಮುಂದಿನ ತಿಂಗಳು ಬೆಂಗಳೂರಿಗೆ ಹೋಗಬೇಕು. ಫೈಲಿನಲ್ಲಿ ಬಾಕಿ ಇರುವುದು ಆರೋಗ್ಯ ವಿಮೆಯ ಕಾಗದ ಒಂದೇ.