ಶಿಡ್ಲಘಟ್ಟದ ಮೂರು ಮಾತು

ಬೆಳಗಿನ ಹೊತ್ತು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಹೊಕ್ಕರೆ ಮೊದಲು ಮೂಗಿಗೆ ಬಡಿಯುವುದು ಹಸಿ ಗೂಡಿನ ಘಾಟು. ಆಮೇಲೆ ಕಣ್ಣಿಗೆ ಬೀಳುವುದು ಸಾಲುಸಾಲು ಜಾಲರಿಗಳಲ್ಲಿ ಹರವಿಟ್ಟ ಗೂಡು. ಒಂದು ಕಡೆ ಹಳದಿ ಮಿಶ್ರತಳಿ, ಇನ್ನೊಂದು ಕಡೆ ಬಿಳಿ ದ್ವಿತಳಿ. ಕಿವಿ ಹೊಂದಿಕೊಳ್ಳಲು ಮಾತ್ರ ಸ್ವಲ್ಪ ಹೊತ್ತು ಬೇಕು. ಚಿಂತಾಮಣಿ ಕಡೆಯ ರೈತರೊಬ್ಬರು ಪಕ್ಕದವರಿಗೆ ‘ಈಸಾರಿ ಆಕು ಬಾಗಾ ವಚ್ಚಿಂದನ್ನಾ’ ಎಂದು ಹಿಪ್ಪುನೇರಳೆ ಸೊಪ್ಪಿನ ಸುದ್ದಿ ಹೇಳುತ್ತಿರುತ್ತಾರೆ. ಅದೇ ಉಸಿರಿನಲ್ಲಿ ಸಿಬ್ಬಂದಿಯ ಕಡೆ ತಿರುಗಿ ‘ಲಾಟ್ ನಂಬರ್ ಎಷ್ಟು ಸಾರ್?’ ಎನ್ನುತ್ತಾರೆ. ಗೂಡು ನೋಡಲು ಬಂದ ರೀಲರ್ ಸಾಹೇಬರು ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲುಗಾಡಿಸಿ, ಒಳಗಿನ ಹುಳು ಕುಲುಕುವ ಸದ್ದು ಆಲಿಸುತ್ತಾರೆ. ಜೊತೆಗೆ ಬಂದ ಹುಡುಗನಿಗೆ ದಖನಿಯಲ್ಲಿ ಏನೋ ಪಿಸುಗುಟ್ಟಿ, ರೈತರನ್ನು ತೆಲುಗಿನಲ್ಲೇ ವಿಚಾರಿಸುತ್ತಾರೆ. ಹರಾಜು ಈಗ ಮೊಬೈಲಿನಲ್ಲಿ. ಕೂಗಾಟ ತಗ್ಗಿದೆ, ಬೆರಳು ಅಂಕಿ ಒತ್ತುತ್ತದೆ. ಲೆಕ್ಕ ಹಾಕುವಾಗ ತುಟಿ ಮಾತ್ರ ಅಲ್ಲಾಡುತ್ತದೆ. ಯಾವ ಭಾಷೆಯಲ್ಲಿ ಎಣಿಸುತ್ತಿದ್ದಾರೆಂಬುದು ಅವರಿಗೇ ಗೊತ್ತು.

ಒಂದು ಮಾತಿನಿಂದ ಇನ್ನೊಂದಕ್ಕೆ ದಾಟುವಾಗ ಇಲ್ಲಿ ಯಾರೂ ತಡವರಿಸುವುದಿಲ್ಲ. ಯಾರ ಹತ್ತಿರ ಯಾವ ಮಾತು ಎಂಬುದನ್ನು ನೋಟ, ಹೆಸರು, ಊರು, ಹಳೆಯ ಪರಿಚಯ ಎಲ್ಲವೂ ಸೇರಿ ಕ್ಷಣದಲ್ಲಿ ತೀರ್ಮಾನಿಸುತ್ತವೆ. ಆಂಧ್ರದ ಗಡಿಗೆ ಅಂಟಿಕೊಂಡ ಈ ಸೀಮೆಗೆ ಇದು ಹಳೆಯ ಅಭ್ಯಾಸ. ಬಳೆ ಮಾರುತ್ತಿದ್ದ ಕೈವಾರದ ತಾತಯ್ಯನವರು ಯೋಗಿ ನಾರೇಯಣರಾಗಿ ಹಾಡಿದ್ದು ತೆಲುಗಿನಲ್ಲಿ, ಕನ್ನಡದಲ್ಲಿ. ಇವತ್ತಿಗೂ ಭಜನೆಗಳಲ್ಲಿ ಎರಡೂ ಒಂದರ ಹಿಂದೊಂದು ಬರುತ್ತವೆ. ಮುರುಗಮಲ್ಲದ ದರ್ಗಾದ ಅಂಗಳದಲ್ಲಿ ಹರಕೆ ಮೂರು ಭಾಷೆಯಲ್ಲಿ ಕಟ್ಟಿಕೊಳ್ಳುತ್ತದೆ. ಕಳವಾರ ಬೆಟ್ಟದ ಬುಡದಲ್ಲಿ, ಸೂರ್ಯೋದಯ ನೋಡಲು ಬರುವ ಬೆಂಗಳೂರಿನ ಹುಡುಗರಿಂದಾಗಿ ಇಂಗ್ಲಿಷೂ ಸೇರಿಕೊಂಡಿದೆ.

ಈ ದೃಶ್ಯ ನೋಡುವಾಗ ನನಗೆ ಹೈದರಾಬಾದಿನಲ್ಲಿ ನಡೆದ ಒಂದು ಸಂಶೋಧನೆ ನೆನಪಾಗದೇ ಇರದು. ನಿಜಾಮ್ ವೈದ್ಯಕೀಯ ಸಂಸ್ಥೆಯಲ್ಲಿ ನರರೋಗ ತಜ್ಞೆ ಸುವರ್ಣಾ ಅಲ್ಲಾಡಿ ಮರೆವಿನ ಕಾಯಿಲೆಯ 648 ರೋಗಿಗಳ ದಾಖಲೆ ಪರಿಶೀಲಿಸಿದರು. ಜೊತೆಗೆ ಭಾಷಾವಿಜ್ಞಾನದ ದುಗ್ಗಿರಾಲ ವಸಂತ, ಎಡಿನ್‌ಬರೋದಿಂದ ಥಾಮಸ್ ಬಾಕ್, ಅರಿವಿನ ವಿಜ್ಞಾನದ ಬಾಪಿರಾಜು ಇದ್ದರು. ವೈದ್ಯರು ಒಬ್ಬರೇ ಕೂತಿದ್ದರೆ ಭಾಷೆಯ ಪ್ರಶ್ನೆಯೇ ಏಳುತ್ತಿರಲಿಲ್ಲ. ಭಾಷಾವಿಜ್ಞಾನಿ ಒಬ್ಬರೇ ಆಗಿದ್ದರೆ ರೋಗಿಗಳೇ ಸಿಗುತ್ತಿರಲಿಲ್ಲ. 2013ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಶಾಲೆಯ ಮೆಟ್ಟಿಲೇ ಹತ್ತದವರಲ್ಲೂ ಈ ವ್ಯತ್ಯಾಸ ಇತ್ತು. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಇದೇ. ಓದಿದ್ದರಿಂದ ಬಂದ ಲಾಭ ಎನ್ನುವ ಸುಲಭದ ಉತ್ತರಕ್ಕೆ ಇಲ್ಲಿ ಜಾಗವಿಲ್ಲ. 2016ರಲ್ಲಿ ಇದೇ ಬಳಗ ಪಾರ್ಶ್ವವಾಯು ಬಡಿದ 608 ಜನರನ್ನು ನೋಡಿತು. ಆಘಾತದ ನಂತರವೂ ಅರಿವು ಸಹಜವಾಗಿ ಉಳಿದವರು ಹೆಚ್ಚು ಭಾಷೆ ಬಲ್ಲವರಲ್ಲಿ ಶೇ 40ರಷ್ಟು, ಒಂದೇ ಭಾಷೆಯವರಲ್ಲಿ ಶೇ 20ರಷ್ಟು. ಇದರ ಕಾರಣದ ಬಗ್ಗೆ ವಿದ್ವಾಂಸರಲ್ಲಿ ಜಗಳ ಮುಗಿದಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಎರಡೂ ಮಾತು ಸದಾ ಎಚ್ಚರವಾಗಿದ್ದು, ಒಂದನ್ನು ಹಿಡಿದು ಇನ್ನೊಂದನ್ನು ಬಿಡುವ ಕೆಲಸ ಮಿದುಳಿಗೆ ನಿತ್ಯದ ಸಾಮು ಎಂಬುದು ಒಂದು ವಾದ. ಆ ಸಾಮಿನ ಗರಡಿಮನೆಯನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಭಾಷೆಗಳೂ ಒಂದನ್ನೊಂದು ತಿದ್ದುತ್ತವೆ. ಸಾಂಗ್ಲಿ ಹತ್ತಿರದ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಶತಮಾನಗಳಿಂದ ಜೊತೆಗಿದ್ದು, ಪದಗಳು ಬೇರೆಯಾಗಿ ಉಳಿದರೂ ವಾಕ್ಯದ ಕಟ್ಟು ಒಂದೇ ಆಗುತ್ತಿರುವುದನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ತೋರಿಸಿದರು. ಶಿಡ್ಲಘಟ್ಟದ ಫಿಲೇಚರ್‌ಗಳಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಎಳೆ ಹಿಡಿಯುವವರ ದಖನಿಯನ್ನು ಆ ಕಿವಿಯಿಂದ ಕೇಳುವವರು ಬೇಕು.

ಇದೇ ಸೀಮೆಯ ಗೌರಿಬಿದನೂರಿಗೆ ಕಿವಿಗೊಡುವ ಕಲೆ ಗೊತ್ತು. ಭಾಭಾ ಅಣು ಸಂಶೋಧನಾ ಕೇಂದ್ರ 1965ರಲ್ಲಿ ಅಲ್ಲಿ ಸ್ಥಾಪಿಸಿದ ಭೂಕಂಪ ಮಾಪಕ ಕೇಂದ್ರ ದೂರದ ಖಂಡಗಳ ನಡುಕವನ್ನೂ ನೆಲದಡಿಯ ಅಣ್ವಸ್ತ್ರ ಪರೀಕ್ಷೆಗಳನ್ನೂ ಕೇಳಿಸಿಕೊಂಡಿದೆ. ಅಲ್ಲಿಂದ ಸ್ವಲ್ಪ ದೂರದಲ್ಲಿ ರೇಡಿಯೊ ದೂರದರ್ಶಕ. 1976ರಿಂದ ಬಯಲಿನಲ್ಲಿ ಸಾವಿರ ಆಂಟೆನಾಗಳು ಇಂಗ್ಲಿಷಿನ ‘ಟಿ’ ಆಕಾರದಲ್ಲಿ ನಿಂತು ಸೂರ್ಯ, ನಕ್ಷತ್ರಗಳ ಸಣ್ಣ ಸದ್ದಿಗೆ ಕಾದಿವೆ. ಭೂಮಿಯ ಒಳಗನ್ನೂ ಆಕಾಶದ ಆಚೆಯನ್ನೂ ಇಷ್ಟು ಶ್ರದ್ಧೆಯಿಂದ ಕೇಳಿದ ಈ ಬಯಲಿನಲ್ಲಿ, ಬೇಲಿಯಾಚೆ ಕುರಿ ಕಾಯುತ್ತಾ ತೆಲುಗು ಬೆರೆಸಿ ಕನ್ನಡ ಆಡುವವರ ದನಿಗೂ ಅಷ್ಟೇ ಶ್ರದ್ಧೆ ಸಿಗಬೇಕು. ಅಂಥ ಕೆಲಸ ಶುರುವಾಗಿದೆ ಎನ್ನುವುದು ಸಂತೋಷ. 2022ರ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಕೈಗೆತ್ತಿಕೊಂಡ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸುವ ಗುರಿ ಇಟ್ಟುಕೊಂಡಿದೆ. ಜನರಿಗೆ ಓದಲು ಹಾಳೆ ಕೊಡುವುದಿಲ್ಲ; ಚಿತ್ರ ತೋರಿಸಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಿ ಎನ್ನುತ್ತಾರೆ. ಓದಿಸಿದರೆ ಬರುವುದು ಪುಸ್ತಕದ ಮಾತು, ಚಿತ್ರ ತೋರಿಸಿದರೆ ಮನೆಯ ಮಾತು.

ಮನೆಯ ಮಾತೆಂದಾಗ ಮಕ್ಕಳು ಕಣ್ಣಮುಂದೆ ಬರುತ್ತಾರೆ. ಬಾಗೇಪಲ್ಲಿ ರಸ್ತೆಯ ಯಾವುದೇ ಅಂಗನವಾಡಿಯಲ್ಲಿ ಅಮ್ಮನ ಸೆರಗು ಬಿಟ್ಟು ಈಗಷ್ಟೇ ಬಂದ ಮಗು ತೆಲುಗಿನಲ್ಲಿ ಅತ್ತು, ಕನ್ನಡದಲ್ಲಿ ಹಾಡು ಕಲಿಯುತ್ತದೆ. ಜೆಫ್ರಿ ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿದ್ದವರು ಮೂರು ವರ್ಷದ ಕನ್ನಡದ ಮಕ್ಕಳು. ಕನ್ನಡದಲ್ಲಿ ‘ಹತ್ತು’ ಎಂಬುದಕ್ಕೆ ‘ಇಸು’ ಸೇರಿದರೆ ಮಾಡಿಸುವವರು ಬೇರೆ ಇದ್ದಾರೆಂಬುದು ಖಚಿತ. ಆದರೆ ಬೊಂಬೆಗಳನ್ನು ಕೊಟ್ಟು ವಾಕ್ಯವನ್ನು ಆಡಿ ತೋರಿಸಲು ಹೇಳಿದಾಗ ಮಕ್ಕಳು ಆ ‘ಇಸು’ವನ್ನು ನೆಚ್ಚಲಿಲ್ಲ; ವಾಕ್ಯದಲ್ಲಿ ಎಷ್ಟು ಜನರ ಹೆಸರು ಬಂತು ಎಂಬುದನ್ನೇ ಲೆಕ್ಕಕ್ಕೆ ಹಿಡಿದರು. ಭಾಷೆ ಕಲಿಯುವ ಮನಸ್ಸು ತನ್ನದೇ ಒಂದು ಅಳತೆಗೋಲು ಹಿಡಿದು ಬಂದಿರುತ್ತದೆ ಎಂಬುದಕ್ಕೆ ಕನ್ನಡದ ಕಂದಮ್ಮಗಳು ಲೋಕಕ್ಕೆ ಸಾಕ್ಷಿಯಾದರು. ಮನೆಯಲ್ಲಿ ‘ಎಕ್ಕಿಂಚು’, ಅಂಗನವಾಡಿಯಲ್ಲಿ ‘ಹತ್ತಿಸು’ ಕೇಳುವ ಚಿಂತಾಮಣಿಯ ಮಗುವಿನ ಮುಂದೆ ಅದೇ ಬೊಂಬೆಗಳನ್ನು ಇಡಬೇಕು ಎನಿಸುತ್ತದೆ.

ಮುಂದೆ ಒಂದನೇ ತರಗತಿ. ಕನ್ನಡ ಶಾಲೆಗಳಲ್ಲಿ ಓದು ಕಲಿಯುವ ಮಕ್ಕಳನ್ನು ಗಮನಿಸಿದ ಸೋನಾಲಿ ನಾಗ್, ಕಾಗುಣಿತ ಒತ್ತಕ್ಷರಗಳೆಲ್ಲ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ ಎಂದು 2007ರಲ್ಲಿ ಬರೆದರು. ಕನ್ನಡವೇ ಮನೆಮಾತಾದ ಮಕ್ಕಳಿಗೇ ಇಷ್ಟು ಕಾಲ ಬೇಕಿರುವಾಗ, ಮೊದಲ ವರ್ಷದಲ್ಲೇ ತೆಲುಗು ಮನೆಯ ಹುಡುಗಿಯನ್ನು ‘ಮಂದ’ ಎಂದು ಹಿಂದಿನ ಬೆಂಚಿಗೆ ಕಳಿಸುವುದು ಅನ್ಯಾಯ. ಆಕೆಗೆ ಬೇಕಿರುವುದು ಸಮಯ, ಮತ್ತು ಅವಳ ತೆಲುಗನ್ನು ತಪ್ಪೆಂದು ಕಾಣದ ಮೇಷ್ಟ್ರು.

ಅನ್ಯಾಯ ಮುಪ್ಪಿನಲ್ಲೂ ಕಾದಿರುತ್ತದೆ. ನೆನಪಿನ ಪರೀಕ್ಷೆಗಳಲ್ಲಿ ಒಂದು ಸರಳ ಪ್ರಶ್ನೆ ಇದೆ: ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ? ಈ ಸೀಮೆಯ ಅಜ್ಜಿಯೊಬ್ಬರನ್ನು ಕೇಳಿದರೆ ಉತ್ತರ ಹೀಗೆ ಹೊರಡುತ್ತದೆ: ‘ಹಸು, ಎಮ್ಮೆ, ಮೇಕ, ಗೊರ್ರೆ, ನಾಯಿ, ಪಿಲ್ಲಿ, ಕತ್ತೆ...’ ಅವರ ಕೊಟ್ಟಿಗೆ, ಹಿತ್ತಿಲು, ಹೊಲದ ದಾರಿ ಎಲ್ಲವೂ ಅದರಲ್ಲಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂಥ ಪರೀಕ್ಷೆಗಳನ್ನು ಕನ್ನಡ, ತೆಲುಗು ಸೇರಿ ಐದು ಭಾಷೆಗಳಿಗೆ ಹೊಂದಿಸಿದೆ. ಅದು ದೊಡ್ಡ ಕೆಲಸ, ನಿಜ. ಆದರೆ ಕನ್ನಡದ ಹಾಳೆ ಬೇರೆ, ತೆಲುಗಿನ ಹಾಳೆ ಬೇರೆ ಎಂದಿಟ್ಟರೆ ಅಜ್ಜಿ ಎರಡರಲ್ಲೂ ಅರ್ಧವೇ ಆಗುತ್ತಾರೆ. ಸುವರ್ಣಾ ಅಲ್ಲಾಡಿ ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದಾರೆ. ಮಾತಿನ ತಂತ್ರಜ್ಞರು ಅದೇ ಊರಿನ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ಮೈಸೂರಿನಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. ಇವರೆಲ್ಲ ಸೇರಿ ಚಿಂತಾಮಣಿಯ ಆಸ್ಪತ್ರೆಗೆಂದು ಮೊದಲು ಮಾಡಿಕೊಡಬೇಕಾದ್ದು ಒಂದು ಹಾಳೆ: ಮೇಕವೂ ಹಸುವೂ ಒಂದೇ ಖಾನೆಯಲ್ಲಿ ಎಣಿಕೆಗೆ ಸೇರುವಂಥದ್ದು.